ಬಾಯಿ ಹುಣ್ಣಿಗೆ 15 ದಿನದ ಗಡುವು ಹಾಕಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಜನರಲ್ಲಿ ಒಂದು ಮನವಿ

ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಬಾಯಲ್ಲಾಗಲಿ, ಮನೆಯವರ ಬಾಯಲ್ಲಾಗಲಿ ಹುಣ್ಣು ಕಂಡ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಅಲ್ಲಿಂದ 15 ದಿನ ಎಣಿಸಿ. ಅಷ್ಟರೊಳಗೆ ವಾಸಿಯಾಗದಿದ್ದರೆ, ನೋವಿದ್ದರೂ ಇಲ್ಲದಿದ್ದರೂ, ಸರ್ಕಾರಿ ಆಸ್ಪತ್ರೆಗೆ ಹೋಗಿ ಬಾಯಿ ತೋರಿಸಿ. ಇನ್ನೊಂದು ವಾರ ನೋಡೋಣ, ಸುಗ್ಗಿ ಮುಗಿಯಲಿ, ಜಾತ್ರೆ ಆಗಲಿ ಎಂದು ದಿನ ದೂಡಬೇಡಿ.

ನಮ್ಮ ಕಡೆ ಬಾಯಿ ಹುಣ್ಣನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಉಷ್ಣ ಆಗ್ಯಾದ, ತಾನೇ ಕಡಿಮಿ ಆಗ್ತಾದ ಬಿಡು" ಎನ್ನುತ್ತೇವೆ. ಬಹಳ ಸಲ ಆ ಮಾತು ನಿಜವೂ ಆಗುತ್ತದೆ. ವಾರ, ಹತ್ತು ದಿನದಲ್ಲಿ ಹುಣ್ಣು ಹೋಗಿಬಿಡುತ್ತದೆ. ಆ ಅನುಭವವೇ ನಮ್ಮನ್ನು ಮೈಮರೆಸುತ್ತದೆ. ಹತ್ತು ಸಲ ತಾನಾಗಿ ಹೋದದ್ದು ಹನ್ನೊಂದನೆಯ ಸಲವೂ ಹೋದೀತು ಎಂದು ಕಾಯುತ್ತೇವೆ. ಆ ಹನ್ನೊಂದನೆಯದು ಬೇರೆ ಜಾತಿಯ ಹುಣ್ಣಾಗಿದ್ದರೆ, ಕಾದ ಒಂದೊಂದು ತಿಂಗಳೂ ದವಡೆಯನ್ನು, ನಾಲಿಗೆಯನ್ನು, ಕೊನೆಗೆ ಜೀವವನ್ನು ಕೇಳುತ್ತದೆ.

ಆದ್ದರಿಂದ ಎರಡೂ ಬಗೆಯ ಹುಣ್ಣುಗಳನ್ನು ಬೇರೆ ಮಾಡಿ ನೋಡುವುದನ್ನು ಮನೆಮನೆಯಲ್ಲಿ ಕಲಿಯೋಣ. ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ.

ಮಾಯುವ ಹುಣ್ಣು

ತುಟಿಯ ಒಳಮೈ, ಕೆನ್ನೆಯ ಒಳಗೆ, ನಾಲಿಗೆಯ ಅಂಚು ಅಥವಾ ಅಡಿಭಾಗದಲ್ಲಿ ದುಂಡಗೆ ಸಣ್ಣ ಹುಣ್ಣು ಏಳುತ್ತದೆ. ನಡುವೆ ಬಿಳಿ ಅಥವಾ ಹಳದಿ, ಸುತ್ತ ಕೆಂಪು ಅಂಚು. ಸಾಮಾನ್ಯವಾಗಿ 1 ಸೆಂಟಿಮೀಟರಿಗಿಂತ ಚಿಕ್ಕದು. ಗಾತ್ರ ಸಣ್ಣದಾದರೂ ಉರಿ ದೊಡ್ಡದು, ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ಇದು 7ರಿಂದ 14 ದಿನದಲ್ಲಿ ಕಲೆ ಉಳಿಸದೆ ವಾಸಿಯಾಗುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ತಂದೆ ತಾಯಿಗೆ ಪದೇ ಪದೇ ಬರುತ್ತಿದ್ದರೆ ಮಕ್ಕಳಿಗೂ ಬರುವುದುಂಟು.

ಇದಕ್ಕೆಲ್ಲ ಉಷ್ಣವೊಂದನ್ನೇ ಕಾರಣ ಮಾಡಿದರೆ ನಿಜವಾದ ಕಾರಣ ಕೈ ತಪ್ಪುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹೊಲದಲ್ಲಿ ನೀರು ಕುಡಿಯದೆ ದುಡಿದರೆ ಬಾಯಿ ಒಣಗಿ ಹುಣ್ಣು ಮತ್ತಷ್ಟು ಉರಿಯುವುದು ಸಹಜ. ಆದರೆ ಮುರಿದ ಹಲ್ಲಿನ ಚೂಪು ಅಂಚು, ಸರಿಯಾಗಿ ಕೂರದ ಕಟ್ಟಿದ ಹಲ್ಲು, ಊಟದ ಅವಸರದಲ್ಲಿ ಕಚ್ಚಿಕೊಂಡ ಕೆನ್ನೆ, ಕಟಕ ರೊಟ್ಟಿಯ ಅಂಚಿನಿಂದ ಆದ ಗೀರು, ಕುದಿಯುವ ಚಹಾ, ಒರಟು ಬ್ರಷ್ ಕೂಡ ಹುಣ್ಣು ಎಬ್ಬಿಸುತ್ತವೆ. ನಿದ್ದೆಗೆಟ್ಟಾಗ, ಚಿಂತೆ ಹೆಚ್ಚಾದಾಗ, ಪರೀಕ್ಷೆಯ ದಿನಗಳಲ್ಲಿ, ಕೆಲವು ಹೆಣ್ಣುಮಕ್ಕಳಿಗೆ ಮುಟ್ಟಿನ ಆಸುಪಾಸಿನಲ್ಲಿ ಬರುತ್ತವೆ. ಕೆಲವರಿಗೆ ಟೂತ್‌ಪೇಸ್ಟಿನಲ್ಲಿ ನೊರೆ ಬರಿಸಲು ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಆಗಿಬರುವುದಿಲ್ಲ. ಅದು ಇಲ್ಲದ ಪೇಸ್ಟ್ ಬಳಸಿ ನೋಡಬಹುದು.

ಹೊಲದಲ್ಲಿ ಎಣ್ಣೆ ಹೊಡೆಯುವವರಿಗೆ ಒಂದು ಮಾತು. ಪಂಪಿನ ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದಿ ಬಿಡಿಸಬೇಡಿ. ಕೀಟನಾಶಕ, ಕಳೆನಾಶಕ ಬಾಯಿಗೆ ತಾಗಿದರೆ ಒಳಮೈ ಸುಟ್ಟು ಹುಣ್ಣಾಗುತ್ತದೆ, ಪ್ಯಾರಾಕ್ವಾಟ್‌ನಂಥ ಕಳೆನಾಶಕ ಒಳಗೆ ಹೋದರೆ ಜೀವಕ್ಕೇ ಅಪಾಯ. ನಾಜಲ್ಲನ್ನು ನೀರಿನಲ್ಲಿ ತೊಳೆದು ಮೆತ್ತನೆಯ ಬ್ರಷ್ಷಿನಿಂದ ಬಿಡಿಸಿ. ಎಣ್ಣೆ ಹೊಡೆದ ಕೈಯನ್ನು ಸೋಪಿನಿಂದ ತೊಳೆಯದೆ ಬುತ್ತಿ ಬಿಚ್ಚಬೇಡಿ.

ಮನೆಯಲ್ಲಿ ಮಾಡಬೇಕಾದದ್ದು, ಮಾಡಬಾರದ್ದು

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆ ಮತ್ತು ಮಲಗುವ ಮುಂಚೆ ಬಾಯಿ ಮುಕ್ಕಳಿಸಿ ಉಗಿಯಿರಿ. ಮೊದಲ ಸಲ ಚುರುಗುಟ್ಟುತ್ತದೆ, ತಡೆದುಕೊಳ್ಳಿ. ಬಾಯಿ ಸ್ವಚ್ಛವಿದ್ದರೆ ಹುಣ್ಣು ಕೆಡದೆ ವಾಸಿಯಾಗುತ್ತದೆ. ನೋವಾಗುತ್ತದೆಂದು ಹಲ್ಲುಜ್ಜುವುದನ್ನು ಬಿಡಬೇಡಿ, ಮೃದುವಾದ ಬ್ರಷ್ ತೆಗೆದುಕೊಂಡು ಹುಣ್ಣಿನ ಜಾಗ ತಪ್ಪಿಸಿ ಉಜ್ಜಿ.

ಆ ವಾರ ಮಿರ್ಚಿ ಭಜಿ, ಕೆಂಪು ಚಟ್ನಿ, ಉಪ್ಪಿನಕಾಯಿ, ಹುಳಿಯಾದ ಪುಂಡಿಪಲ್ಯ ದೂರವಿರಲಿ. ಮೊಸರನ್ನ, ಜೋಳದ ನುಚ್ಚು ಮಜ್ಜಿಗೆ, ಅಂಬಲಿ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಬಾಳೆಹಣ್ಣು ಹಿತವಾಗಿರುತ್ತವೆ. ನೀರು, ಮಜ್ಜಿಗೆ ಹೆಚ್ಚು ಕುಡಿಯಿರಿ. ನಮ್ಮ ಹಿರಿಯರು ಹೇಳುವ ಒಣಕೊಬ್ಬರಿ ಅಗಿಯುವುದು, ತುಪ್ಪ ಅಥವಾ ಜೇನು ಹಚ್ಚುವುದು ಉರಿ ತಗ್ಗಿಸುತ್ತದೆ, ಮಾಡಬಹುದು. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೊಡಬಾರದು.

ಆದರೆ ಕೆಲವು ರೂಢಿಗಳನ್ನು ಬಿಡಲೇಬೇಕು. ಹುಣ್ಣಿಗೆ ಸುಣ್ಣ ಹಚ್ಚಬೇಡಿ, ಅದು ಮಾಂಸವನ್ನು ಸುಡುತ್ತದೆ. ನೋವಿನ ಗುಳಿಗೆಯನ್ನು, ಮುಖ್ಯವಾಗಿ ಆಸ್ಪಿರಿನ್ನನ್ನು, ಹುಣ್ಣಿನ ಮೇಲೆ ಇಟ್ಟುಕೊಳ್ಳಬೇಡಿ. ಅದು ಆಮ್ಲವಾದ್ದರಿಂದ ಸುತ್ತಲಿನ ಚರ್ಮವನ್ನೂ ಸುಟ್ಟು ಹುಣ್ಣನ್ನು ದೊಡ್ಡದು ಮಾಡುತ್ತದೆ. ಲವಂಗದ ಎಣ್ಣೆಯನ್ನು ಹಾಗೇ ಸುರಿಯಬೇಡಿ. ನೋವು ಮರೆಯಲು ತಂಬಾಕು ಒತ್ತಿಕೊಳ್ಳುವುದಂತೂ ಬೇಡವೇ ಬೇಡ.

ಔಷಧ ಅಂಗಡಿಯಲ್ಲಿ ಸಿಗುವ ಹಚ್ಚುವ ಜೆಲ್ ದೊಡ್ಡವರಿಗೆ ಕೆಲವು ಗಂಟೆ ಆರಾಮ ಕೊಡುತ್ತದೆ. ಅವುಗಳಲ್ಲಿ ಸ್ಯಾಲಿಸಿಲೇಟ್ ಇರುವುದನ್ನು 16 ವರ್ಷದೊಳಗಿನ ಮಕ್ಕಳಿಗೆ, ಬೆಂಜೋಕೇನ್ ಇರುವುದನ್ನು 2 ವರ್ಷದೊಳಗಿನ ಕೂಸಿಗೆ ಹಚ್ಚಬಾರದು. ಟ್ಯೂಬಿನ ಮೇಲಿನ ಹೆಸರು ಓದಲು ಬಾರದಿದ್ದರೆ ಅಂಗಡಿಯವರನ್ನು ಕೇಳಿ ತೆಗೆದುಕೊಳ್ಳಿ. ಆ್ಯಂಟಿಬಯೋಟಿಕ್ ಗುಳಿಗೆಯಿಂದ ಈ ಬಗೆಯ ಹುಣ್ಣು ಬೇಗ ವಾಸಿಯಾಗುವುದಿಲ್ಲ, ಹಣ ಹಾಳು.

ಕೆಲವು ಸಂದರ್ಭಗಳಲ್ಲಿ 15 ದಿನ ಕಾಯಲೇಬಾರದು. ಹುಣ್ಣಿನ ಜೊತೆ ಜೋರು ಜ್ವರವಿದ್ದರೆ, ಮಗು ನೀರು ಹಾಲು ಏನೂ ಕುಡಿಯದೆ ಉಚ್ಚೆ ಕಡಿಮೆಯಾಗಿದ್ದರೆ, ನುಂಗಲು ಉಸಿರಾಡಲು ಕಷ್ಟವಾದರೆ ಅಂದೇ ಹೋಗಿ. ಯಾವುದೋ ಹೊಸ ಗುಳಿಗೆ ಶುರುಮಾಡಿದ ಮೇಲೆ ಬಾಯಿ ತುಂಬ ಹುಣ್ಣು, ಕಣ್ಣು ಕೆಂಪು, ಮೈಮೇಲೆ ಗುಳ್ಳೆ ಎದ್ದರೆ ಗುಳಿಗೆ ನಿಲ್ಲಿಸಿ ಕೂಡಲೇ ಆಸ್ಪತ್ರೆ ಸೇರಿ. ಕೀಲುವಾತಕ್ಕೆ ಮೆಥೋಟ್ರೆಕ್ಸೇಟ್ ನುಂಗುವವರು ಗಮನಿಸಬೇಕು. ಅದು ವಾರಕ್ಕೊಮ್ಮೆ ನುಂಗುವ ಗುಳಿಗೆ. ತಪ್ಪು ತಿಳಿದು ದಿನಾ ನುಂಗಿದರೆ ಮೊದಲ ಎಚ್ಚರಿಕೆ ಬಾಯಲ್ಲಿ ಹುಣ್ಣಾಗಿಯೇ ಕಾಣಿಸಿಕೊಳ್ಳಬಹುದು. ಆಗ ಗುಳಿಗೆಯ ಚೀಟಿ ಹಿಡಿದು ತಕ್ಷಣ ವೈದ್ಯರ ಬಳಿ ಓಡಿ.

ಮತ್ತೆ ಮತ್ತೆ ಬರುತ್ತಿದ್ದರೆ ತಟ್ಟೆಯನ್ನು ನೋಡಿ

ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಹುಣ್ಣು ಮರಳಿ ಬರುವವರಲ್ಲಿ ಹಲವರಿಗೆ ಕಬ್ಬಿಣ, ಫೋಲಿಕ್ ಆ್ಯಸಿಡ್ ಅಥವಾ ಬಿ12 ಕೊರತೆ ಇರುತ್ತದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ನೂರಕ್ಕೆ 65 ದಾಟಿದೆ. ಪದೇ ಪದೇ ಬಾಯಿ ಹುಣ್ಣು, ನುಣುಪಾದ ಕೆಂಪು ನಾಲಿಗೆ, ತುಟಿಯ ಮೂಲೆಯಲ್ಲಿ ಬಿರುಕು, ದಣಿವು, ಕಣ್ಣಿನ ಕೆಳಗಿನ ರೆಪ್ಪೆಯ ಒಳಮೈ ಬಿಳಚಿಕೊಂಡಿರುವುದು ಇವೆಲ್ಲ ಒಟ್ಟಿಗೆ ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ.

ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಕಣಜವಾಯಿತು. ನಮ್ಮ ಮಿಲ್ಲುಗಳಿಂದ ಹೊರಡುವ ಸೋನಾ ಮಸೂರಿ ನಾಡೆಲ್ಲ ಉಣ್ಣುತ್ತದೆ. ಆದರೆ ಅಕ್ಕಿಗೆ ಪಾಲಿಶ್ ಕೊಡುವಾಗ ಹೋಗುವ ತೌಡಿನ ಜೊತೆಗೇ ಕಬ್ಬಿಣದ ಬಹುಪಾಲು, ಬಿ ಗುಂಪಿನ ಹಲವು ವಿಟಮಿನ್‌ಗಳು ಹೋಗುತ್ತವೆ. ಮೂರು ಹೊತ್ತೂ ಬಿಳಿ ಅನ್ನ, ತಿಳಿಸಾರು ಉಂಡರೆ ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ. ಮಸ್ಕಿ, ಲಿಂಗಸುಗೂರಿನ ಮಳೆಯಾಶ್ರಿತ ಹೊಲಗಳಲ್ಲಿ ಇಂದಿಗೂ ಬೆಳೆಯುವ ಸಜ್ಜೆ, ಜೋಳ ಮರಳಿ ತಟ್ಟೆಗೆ ಬರಲಿ. ದಿನಕ್ಕೊಂದು ಹೊತ್ತಾದರೂ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಹೆಸರುಕಾಳು ಇಲ್ಲವೇ ಮಡಿಕೆಕಾಳಿನ ಪಲ್ಯ, ಮೆಂತ್ಯೆ, ರಾಜಗಿರಿಯಂಥ ಸೊಪ್ಪು, ಶೇಂಗಾ ಹಿಂಡಿ ಇರಲಿ. ಕಾಳಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದು ಅಷ್ಟಾಗಿ ಹತ್ತುವುದಿಲ್ಲ, ಒಂದು ತಾಸು ಬಿಟ್ಟು ಕುಡಿಯಿರಿ.

ಬಿ12 ಮಾತ್ರ ಸೊಪ್ಪು, ಕಾಳುಗಳಿಂದ ಸಿಗುವುದಿಲ್ಲ. ಮೊಟ್ಟೆ, ಮೀನು, ಮಾಂಸದಲ್ಲಿದೆ, ಇವನ್ನು ತಿನ್ನದವರಿಗೆ ಹಾಲು, ಮೊಸರೇ ದಾರಿ. ಮನೆಯ ಹಾಲನ್ನೆಲ್ಲ ಡೇರಿಗೆ ಹಾಕಿ ಮಕ್ಕಳಿಗೆ ಕರಿ ಚಹಾ ಕೊಡಬೇಡಿ. ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲಿದೆ. ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ಕ್ರಮ 2021ರಲ್ಲಿ ಮೊದಲು ಶುರುವಾದದ್ದೇ ರಾಯಚೂರೂ ಸೇರಿದ ನಮ್ಮ ಭಾಗದ ಜಿಲ್ಲೆಗಳಲ್ಲಿ. ವಾರಕ್ಕೊಮ್ಮೆ ಕಬ್ಬಿಣ ಮತ್ತು ಫೋಲಿಕ್ ಆ್ಯಸಿಡ್ ಗುಳಿಗೆಯನ್ನೂ ಕೊಡುತ್ತಾರೆ. ಮಗು ಅದನ್ನು ನುಂಗಿತೇ, ಕಿಟಕಿಯಾಚೆ ಎಸೆಯಿತೇ ಎಂದು ಕೇಳಿ ತಿಳಿದುಕೊಳ್ಳಿ.

ಬಿ-ಕಾಂಪ್ಲೆಕ್ಸ್ ಗುಳಿಗೆಯ ಪಟ್ಟಿ ತಂದು ನುಂಗುವುದು ನಮ್ಮಲ್ಲಿ ರೂಢಿ. ಕೊರತೆ ಇದ್ದವರಿಗೆ ಅದರಿಂದ ಅನುಕೂಲವಿದೆ. ಆದರೆ ನಿಜವಾದ ಬಿ12 ಕೊರತೆಯನ್ನು ಗುರುತಿಸದೆ ಬರೀ ಫೋಲಿಕ್ ಆ್ಯಸಿಡ್ ನುಂಗುತ್ತಿದ್ದರೆ ರಕ್ತ ಸುಧಾರಿಸಿದಂತೆ ಕಂಡು, ಒಳಗೊಳಗೇ ನರಗಳು ಕೆಡುತ್ತವೆ. ಹುಣ್ಣು ಬಂದಾಗಲೆಲ್ಲ ಗುಳಿಗೆ ತರುವ ಬದಲು ಒಂದು ಸಲ ಪರೀಕ್ಷೆ ಮಾಡಿಸಿಬಿಡಿ. ಮುರಿದ ಹಲ್ಲನ್ನು ತಿಕ್ಕಿಸಿ ನುಣುಪು ಮಾಡಿಸಿಕೊಳ್ಳಿ. ಹಳೆಯ ಹಲ್ಲಿನ ಸೆಟ್ಟು ಒತ್ತುತ್ತಿದ್ದರೆ ಸರಿಮಾಡಿಸಿ. ಬಿಪಿಎಲ್ ಕುಟುಂಬದ ಹಲ್ಲಿಲ್ಲದ ಹಿರಿಯರಿಗೆ ಉಚಿತವಾಗಿ ಹಲ್ಲು ಕಟ್ಟಿಸಿಕೊಡುವ ದಂತಭಾಗ್ಯ ಯೋಜನೆಯ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ಮಾಯದ ಹುಣ್ಣು

ಈಗ ಹೇಳಬೇಕಾದದ್ದು ಕಹಿ. ಆದರೂ ಓದಿ.

ನೋಯುವ ಹುಣ್ಣು ತಾನೇ ನಮ್ಮನ್ನು ವೈದ್ಯರ ಬಳಿಗೆ ಎಳೆದೊಯ್ಯುತ್ತದೆ. ಬಾಯಿ ಕ್ಯಾನ್ಸರಿನ ಮೊದಲ ಹುಣ್ಣು ಬಹಳ ಸಲ ನೋಯುವುದೇ ಇಲ್ಲ. ಅಂಚು ಗಟ್ಟಿಯಾಗಿ, ಉಬ್ಬಿದಂತಿರುತ್ತದೆ. ಒಂದೇ ಜಾಗದಲ್ಲಿ ಕೂತಿರುತ್ತದೆ, ಸ್ವಲ್ಪಸ್ವಲ್ಪವೇ ಬೆಳೆಯುತ್ತದೆ. ನಮ್ಮ ಜನ ತಂಬಾಕು, ಗುಟ್ಕಾ, ಎಲೆಅಡಿಕೆಯ ಉಂಡೆಯನ್ನು ಒತ್ತಿಟ್ಟುಕೊಳ್ಳುವ ಕೆಳಗಿನ ಒಸಡು ಮತ್ತು ಕೆನ್ನೆಯ ನಡುವಿನ ಸಂದಿನಲ್ಲೇ ಅದು ಹೆಚ್ಚಾಗಿ ಹುಟ್ಟುತ್ತದೆ. ಕೆಲವರಿಗೆ ಹುಣ್ಣಿಗೂ ಮುಂಚೆ ಒರೆಸಿದರೆ ಹೋಗದ ಬಿಳಿ ಮಚ್ಚೆ ಅಥವಾ ಮಖಮಲ್ಲಿನಂಥ ಕೆಂಪು ಮಚ್ಚೆ ಬರುತ್ತದೆ. ಕೆಂಪು ಮಚ್ಚೆ ಇನ್ನೂ ಹೆಚ್ಚು ಅಪಾಯದ್ದು.

ಭಾರತದ ಗಂಡಸರಲ್ಲಿ ಈಗ ಅತಿ ಹೆಚ್ಚು ಕಂಡುಬರುವ ಕ್ಯಾನ್ಸರ್ ತುಟಿ ಮತ್ತು ಬಾಯಿಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ದೇಶದಲ್ಲಿ ಗಂಡಸರು, ಹೆಂಗಸರು ಸೇರಿ ಆ ಒಂದೇ ವರ್ಷ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಮಂದಿಗೆ ಇದು ಹೊಸದಾಗಿ ಬಂದಿದೆ. 2016–17ರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 16 ಮಂದಿ ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದರು. ಹೊಲಕ್ಕೆ ಹೋಗುವಾಗ ಸೀರೆಯ ಸೆರಗಿನಲ್ಲಿ ಎಲೆಅಡಿಕೆಯ ಚೀಲ ಸಿಕ್ಕಿಸಿಕೊಳ್ಳುವ ನಮ್ಮ ತಾಯಂದಿರೂ ಈ ಲೆಕ್ಕದಲ್ಲಿದ್ದಾರೆ.

ತಂಬಾಕು ಇಲ್ಲದ ಬರೀ ಅಡಿಕೆಯಿಂದ ಏನೂ ಆಗದು ಎಂಬ ನಂಬಿಕೆ ತಪ್ಪು. ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅದೇ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ಹೇಳಿದೆ. ಹತ್ತಿಪ್ಪತ್ತರ ಹುಡುಗರು ಪಾನ್ ಮಸಾಲಾ ಜಗಿದು ಜಗಿದು ಕೆನ್ನೆಯ ಒಳಮೈ ಗಟ್ಟಿಯಾಗಿ, ನಾರು ಕಟ್ಟಿಕೊಂಡು, ಬಾಯಿ ತೆರೆಯಲಾಗದ ಸ್ಥಿತಿಗೆ ಬರುತ್ತಿದ್ದಾರೆ. ಇದರ ಮೊದಲ ಲಕ್ಷಣವನ್ನು ಖಾರ ಉಣ್ಣುವ ನಮ್ಮಷ್ಟು ಬೇಗ ಇನ್ನಾರೂ ಗುರುತಿಸಲಾರರು. ಜೀವನವೆಲ್ಲ ಮಿರ್ಚಿ ತಿಂದ ಹುಡುಗ "ಖಾರ ತಿನ್ನಲಿಕ್ಕೆ ಆಗವಲ್ದು, ಬಾಯಿ ಉರೀತಾದ" ಎಂದರೆ, ಉಷ್ಣವೆಂದು ಮಜ್ಜಿಗೆ ಕೊಟ್ಟು ಸುಮ್ಮನಾಗದೆ ಏನು ಜಗಿಯುತ್ತಾನೆ ಎಂದು ಕೇಳಿ. ಅವನದೇ ಕೈಯ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹಿಡಿಸುತ್ತವೆಯೇ ನೋಡಿ. ಹಿಡಿಸದಿದ್ದರೆ ಕಾಯುವ ಕೆಲಸವಿಲ್ಲ. ಈ ಗಟ್ಟಿತನ ಹಿಂದಿನಂತೆ ಪೂರ್ತಿ ಮೆತ್ತಗಾಗುವುದಿಲ್ಲ. ಅಂದೇ ಅಡಿಕೆ ಬಿಟ್ಟರೆ ಮುಂದಿನದನ್ನು ತಡೆಯಬಹುದು.

ತಿಂಗಳಿಗೊಮ್ಮೆ ಮನೆಯ ಎಲ್ಲರೂ ಬಾಯಿ ನೋಡಿಕೊಳ್ಳಿ. ಕೈ ತೊಳೆದು, ಕನ್ನಡಿಯ ಮುಂದೆ ಬೆಳಕಿಗೆ ನಿಂತು, ತುಟಿ ಮಡಿಸಿ ಒಳಮೈ ನೋಡಿ. ಬೆರಳಿನಿಂದ ಎರಡೂ ಕೆನ್ನೆ ಎಳೆದು ಒಳಗೆ ನೋಡಿ. ಒಸಡಿನ ಸುತ್ತ, ಅಂಗುಳ, ನಾಲಿಗೆಯ ಎರಡೂ ಅಂಚು, ಅದನ್ನು ಮೇಲೆತ್ತಿ ಅಡಿಭಾಗ ನೋಡಿ. ಕತ್ತಿನ ಎರಡೂ ಬದಿ ಸವರಿ ಗಡ್ಡೆ ತಾಗುತ್ತದೆಯೇ ಗಮನಿಸಿ. ಕಣ್ಣು ಮಂಜಾದ ಹಿರಿಯರ ಬಾಯನ್ನು ಮಕ್ಕಳು ಮೊಬೈಲಿನ ಬೆಳಕಿನಲ್ಲಿ ನೋಡಲಿ.

ತೋರಿಸುವುದು ಎಲ್ಲಿ

ನಿಮ್ಮ ಓಣಿಗೆ ಬರುವ ಆಶಾ ಕಾರ್ಯಕರ್ತೆಯಿಂದಲೇ ಶುರುಮಾಡಿ. 30 ವರ್ಷ ದಾಟಿದವರಿಗೆ ಅವರು ತುಂಬಿಸುವ ಆರೋಗ್ಯ ಪ್ರಶ್ನಾವಳಿಯಲ್ಲಿ ಎರಡು ವಾರದಲ್ಲಿ ವಾಸಿಯಾಗದ ಬಾಯಿ ಹುಣ್ಣು ಇದೆಯೇ, ಬಾಯಿ ತೆರೆಯಲು ಕಷ್ಟವಿದೆಯೇ ಎಂಬ ಪ್ರಶ್ನೆಗಳಿವೆ. ಅವರು ಕೇಳಿದಾಗ "ಏನಿಲ್ಲ" ಎಂದು ಬಾಗಿಲಲ್ಲೇ ಕಳಿಸಬೇಡಿ, ತಂಬಾಕು ಜಗಿಯುವುದನ್ನು ಮುಚ್ಚಿಡಬೇಡಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಜೊತೆಗೆ ಬಾಯಿ ಕ್ಯಾನ್ಸರಿನ ತಪಾಸಣೆಯೂ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ನಡೆಯಬೇಕಾದ ಕೆಲಸ. ನಿಮ್ಮ ಊರಿನಲ್ಲಿ ನಡೆಯುತ್ತಿಲ್ಲವಾದರೆ ನಡೆಸಿ ಎಂದು ಕೇಳುವ ಹಕ್ಕು ನಿಮಗಿದೆ.

ಮುಂದೆ ಸಿಂಧನೂರು, ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಗಳು, ಮಸ್ಕಿಯ ಸರ್ಕಾರಿ ಆಸ್ಪತ್ರೆ ಇವೆ. ಹೆಚ್ಚಿನ ಪರೀಕ್ಷೆಗೆ ರಾಯಚೂರಿನ ರಿಮ್ಸ್ ಇದೆ, ಅಲ್ಲೇ ನವೋದಯ ಮತ್ತು ಎಎಂಇ ದಂತ ವೈದ್ಯಕೀಯ ಕಾಲೇಜುಗಳಿವೆ. ಕ್ಯಾನ್ಸರ್ ಚಿಕಿತ್ಸೆಗೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ, ಎಲ್ಲರೂ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡ ಚೀಟಿ, ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ.

ವೈದ್ಯರು ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಎಂದರೆ ಹಲವರು ಎದ್ದು ಬರುತ್ತಾರೆ. ಕತ್ತರಿ ತಾಗಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ ಎಂಬ ಭಯ. ಆ ಭಯಕ್ಕೆ ಆಧಾರವಿಲ್ಲ. ಚೂರು ಪರೀಕ್ಷೆ ಮಾಡದೆ ಕಾಯಿಲೆ ಯಾವುದೆಂದು ಖಚಿತವಾಗುವುದೇ ಇಲ್ಲ. ಹರಡುವುದು ತಡ ಮಾಡಿದ್ದರಿಂದ.

ಕೇರಳದ ತಿರುವನಂತಪುರದಲ್ಲಿ 1996ರಿಂದ ವರ್ಷಗಟ್ಟಲೆ ನಡೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬರೀ ಕಣ್ಣಿನಿಂದ ಬಾಯಿ ನೋಡಿದರು. ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34 ಪ್ರತಿಶತ ಕಡಿಮೆಯಾಯಿತು. ದುಬಾರಿ ಯಂತ್ರ ಅವರ ಬಳಿ ಇರಲಿಲ್ಲ. ನಮ್ಮ ಹಳ್ಳಿ, ತಾಂಡಾ, ಕ್ಯಾಂಪುಗಳಲ್ಲೂ ಇದು ಸಾಧ್ಯ.

ಒಬ್ಬೊಬ್ಬರಲ್ಲೂ ಒಂದೊಂದು ವಿನಂತಿ

ತಂಬಾಕು ಬಿಡಬೇಕೆನ್ನುವವರೇ, 1800-112-356 ಸಂಖ್ಯೆಗೆ ಕರೆ ಮಾಡಿ. ಅದು ಉಚಿತ. ಸಿಗರೇಟು, ತಂಬಾಕು ಬಿಟ್ಟ ಮೊದಲ ವಾರಗಳಲ್ಲಿ ಕೆಲವರಿಗೆ ಸಣ್ಣ ಬಾಯಿ ಹುಣ್ಣುಗಳು ಏಳುತ್ತವೆ. ಬಿಟ್ಟದ್ದರಿಂದಲೇ ಬಂತು ಎಂದು ಮತ್ತೆ ಹಿಡಿಯಬೇಡಿ, ಅವು ಹೋಗುತ್ತವೆ.

ಅಂಗಡಿಯ ಅಣ್ಣಂದಿರೇ, 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾದ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆಯಾಗಿ ಒಂದೇ ಸರದಲ್ಲಿ ತೂಗುತ್ತಿವೆ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆಯಂತೆ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಅಪ್ಪನಿಗೆ ಎಂದು ಕೈ ಚಾಚುವ ಮಗುವಿನ ಕೈಗೆ ಆ ಚೀಟಿ ಕೊಡಬೇಡಿ. ನಿಮ್ಮ ಮಕ್ಕಳೂ ಅದೇ ಶಾಲೆಗೆ ಹೋಗುತ್ತಾರೆ.

ಔಷಧ ಅಂಗಡಿಯವರೇ, ಒಬ್ಬನೇ ಗಿರಾಕಿ ಒಂದೇ ಹುಣ್ಣಿಗೆ ಎರಡನೆಯ ಸಲ ಜೆಲ್ ಕೇಳಿದರೆ "ಎಷ್ಟು ದಿನ ಆಯ್ತು?" ಎಂದು ಕೇಳಿ. 15 ದಿನ ದಾಟಿದ್ದರೆ ಆಸ್ಪತ್ರೆಗೆ ಕಳಿಸಿ. ಊರಿನ ಎಲ್ಲರಿಗಿಂತ ಮೊದಲು ಈ ಹುಣ್ಣಿನ ಸುದ್ದಿ ತಿಳಿಯುವುದು ನಿಮಗೆ.

ಭತ್ತ ನಾಟಿ, ಹತ್ತಿ ಬಿಡಿಸುವ ಗುಂಪುಗಳ ಮುಂದಾಳುಗಳೇ, ಗುಳೆ ಕರೆದೊಯ್ಯುವ ಮೇಸ್ತ್ರಿಗಳೇ, ಆಳುಗಳ ದಣಿವು ಮರೆಸಲು ತಂಬಾಕಿನ ಚೀಟಿ ಹಂಚುವುದನ್ನು ನಿಲ್ಲಿಸಿ. ಅದೇ ದುಡ್ಡಿಗೆ ಮಜ್ಜಿಗೆ, ಶೇಂಗಾ, ಬೆಲ್ಲ ಕೊಡಿ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದವರ ಬಾಯಲ್ಲಿ ಹುಣ್ಣು ಉಳಿದುಬಿಟ್ಟರೆ ಊರಿಗೆ ಮರಳುವ ತನಕ ಕಾಯಿಸಬೇಡಿ, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೇ ತೋರಿಸಿ. ಕೂಲಿ ಕಡಿಯುವ ಭಯಕ್ಕೆ ಯಾರೂ ಹುಣ್ಣು ಮುಚ್ಚಿಡುವಂತಾಗಬಾರದು.

ಹಟ್ಟಿ ಚಿನ್ನದ ಗಣಿಯ ಕಾರ್ಮಿಕ ಸಂಘಗಳವರೇ, ವರ್ಷಕ್ಕೊಮ್ಮೆ ಪ್ರತಿ ಕಾರ್ಮಿಕನ ಬಾಯಿ ತಪಾಸಣೆಯೂ ಆಗಲಿ ಎಂಬುದನ್ನು ನಿಮ್ಮ ಬೇಡಿಕೆಗಳಲ್ಲಿ ಸೇರಿಸಿ.

ಶಾಲೆಯ ಗುರುಗಳೇ, ಗುರುಮಾತೆಯರೇ, ಪ್ರೌಢಶಾಲೆಯ ಪ್ರಾರ್ಥನೆಯ ವೇಳೆ ತಿಂಗಳಿಗೊಂದು ದಿನ ಬಾಯಿ ನೋಡಿಕೊಳ್ಳುವ ಬಗೆಯನ್ನು ಹೇಳಿಕೊಡಿ. ಮಕ್ಕಳು ಮನೆಗೆ ಹೋಗಿ ಅಜ್ಜನ ಬಾಯಿ ನೋಡುತ್ತಾರೆ. ಅಜ್ಜ ಮಗನ ಮಾತು ಕೇಳದಿರಬಹುದು, ಮೊಮ್ಮಗಳ ಮಾತು ತೆಗೆದುಹಾಕುವುದಿಲ್ಲ.

ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆಗಳ ಸದಸ್ಯರೇ, ಬಸ್ ನಿಲ್ದಾಣ, ಎಪಿಎಂಸಿ ಪ್ರಾಂಗಣ, ಸಂತೆ ಮೈದಾನದ ಗೋಡೆಗಳ ಮೇಲೆ "ಬಾಯಿ ಹುಣ್ಣು 15 ದಿನ ದಾಟಿದರೆ ಆಸ್ಪತ್ರೆಗೆ" ಎಂದು ದಪ್ಪಕ್ಷರದಲ್ಲಿ ಬರೆಸಿ. ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಸಣ್ಣವರಿಗೂ ದೊಡ್ಡವರಿಗೂ ಸಮನಾಗಿ ತಿಳಿಯಬೇಕಾದ ಮಾತನ್ನು ಆ ದೊರೆ ಬಂಡೆಯ ಮೇಲೆ ಕೊರೆಸಿದ. ಅದೇ ನೆಲದಲ್ಲಿ ಒಂದು ಸಾಲನ್ನು ಗೋಡೆಗೆ ಬರೆಸುವುದು ನಮಗೆ ಕಷ್ಟವಾಗಬಾರದು. ವಾರದ ಸಂತೆಯ ದಿನ ಆರೋಗ್ಯ ಇಲಾಖೆಯವರನ್ನು ಕರೆಸಿ ಮೇಜು ಹಾಕಿಸಿ, ಸಂತೆಗೆ ಬಂದವರು ಬಾಯಿ ತೋರಿಸಿಯೇ ಹೋಗಲಿ.

ಬಂಧುಗಳೇ, ಸಾಧಾರಣ ಬಾಯಿ ಹುಣ್ಣಿಗೆ ಹೆದರಬೇಕಿಲ್ಲ. ಉಪ್ಪುನೀರು, ಮೆತ್ತನೆಯ ಊಟ, ಒಳ್ಳೆಯ ತಟ್ಟೆ, ಒಂದಿಷ್ಟು ತಾಳ್ಮೆ ಸಾಕು. ಆದರೆ ಆ ತಾಳ್ಮೆಗೆ ಒಂದು ಮಿತಿ ಇರಲಿ, ಆ ಮಿತಿ 15 ದಿನ. ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಮನೆಯಲ್ಲಿ ತಂಬಾಕು, ಅಡಿಕೆ ಜಗಿಯುವವರ ಬಾಯನ್ನು ಬೆಳಕಿಗೆ ಹಿಡಿದು ನೋಡಿ. ಹಳೆಯ ಹುಣ್ಣೊಂದು ಕಂಡರೆ ನಾಳೆಯೇ ಆಸ್ಪತ್ರೆಗೆ ಹೊರಡಿ. ಒಬ್ಬರೇ ಹೋಗಲು ಅಂಜಿದರೆ ನೀವು ಜೊತೆಗೆ ಹೋಗಿ. ಈ ಮನವಿಯನ್ನು ಓದಲು ಬಾರದ ಹತ್ತು ಮಂದಿಗೆ ಓದಿ ಹೇಳಿ.